ನಿಮಗಿದು ಗೊತ್ತೇ? ಗಡಿಯಾಚೆ ಹೊಲ–ಮನೆ ಕೊಳ್ಳುವಾಗ

ಮಹಾರಾಷ್ಟ್ರದ ಉಮರಗಾ, ನಿಲಂಗಾ, ಉದಗೀರಕ್ಕೆ ಮಗಳನ್ನು ಕೊಟ್ಟವರು, ಆಳಂದ, ಬಸವಕಲ್ಯಾಣ, ಭಾಲ್ಕಿಯಿಂದ ಸೊಸೆ ತಂದವರು ನಮ್ಮಲ್ಲಿ ಬಹಳ. ಬೀಗತನದ ಬೆನ್ನಿಗೇ ಹೊಲ–ಮನೆಯ ವ್ಯವಹಾರವೂ ಬರುತ್ತದೆ. ಅದಕ್ಕೇ ಇಷ್ಟು ತಿಳಿದಿರಲಿ.

● ನಿಲಂಗಾ, ಉದಗೀರ 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯ ತಾಲ್ಲೂಕುಗಳಾಗಿದ್ದವು!

● ಅದಕ್ಕೂ ಮೊದಲು, ನಿಜಾಮರ ಕಾಲದಲ್ಲಿ, ಉಮರಗಾದವರಿಗೆ ಪರರಾಜ್ಯವೆಂದರೆ ಸೊಲ್ಲಾಪುರ. ಅದು ಬ್ರಿಟಿಷರದು, ಉಮರಗಾ ನಿಜಾಮರದು. ನಾಣ್ಯವೂ ಬೇರೆ: ನಿಜಾಮರ 7 ಹಾಲಿ ಸಿಕ್ಕಾಕ್ಕೆ ಬ್ರಿಟಿಷರ 6 ಕಲ್ದಾರ್. 700 ಹಾಲಿಯ ಹೊಲಕ್ಕೆ ಸೊಲ್ಲಾಪುರದವರು ಎಣಿಸಬೇಕಿದ್ದುದು 600 ಕಲ್ದಾರ್.

● ನಮ್ಮ ಪಹಣಿಯಲ್ಲಿ ಎಕರೆ–ಗುಂಟೆ, ಮಹಾರಾಷ್ಟ್ರದ ಸಾತ್‌ಬಾರಾ ಉತಾರದಲ್ಲಿ ಹೆಕ್ಟೇರ್–ಆರ್. ‘0.81’ ಎಂದು ಕಂಡರೆ ಮುಕ್ಕಾಲು ಎಕರೆಯೆಂದು ತಿಳಿಯಬೇಡಿ. ಅದು 81 ಆರ್, ಅಂದರೆ ಸುಮಾರು 2 ಎಕರೆ!

● ಸಾತ್‌ಬಾರಾದ ‘ಇತರ ಅಧಿಕಾರ’ ಕಲಮಿನಲ್ಲಿ ‘ಬೋಜಾ’ ಎಂದಿದ್ದರೆ ಆ ಹೊಲದ ಮೇಲೆ ಸಾಲವಿದೆ. ಪಹಣಿಯಲ್ಲಿ ಇದೇ ಸಂಗತಿಯನ್ನು 11ನೇ ಕಲಮಿನಲ್ಲಿ ನೋಡಬೇಕು.

● ಕರ್ನಾಟಕದಲ್ಲಿ 2020ರಿಂದ ರೈತರಲ್ಲದವರೂ ಹೊಲ ಕೊಳ್ಳಬಹುದು. ಮಹಾರಾಷ್ಟ್ರದಲ್ಲಿ ಕೊಳ್ಳುವವರು ರೈತರಾಗಿರಬೇಕು ಎಂಬುದು ಇಂದಿಗೂ ಸಾಮಾನ್ಯ ನಿಯಮ.

● ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ನೇರವಾಗಿ ವಶಪಡಿಸಿಕೊಳ್ಳಲು 2002ರ ಸರ್ಫೇಸಿ ಕಾಯ್ದೆ ಅಧಿಕಾರ ಕೊಡುತ್ತದೆ. ಕೃಷಿಭೂಮಿಗೆ ಅದು ಅನ್ವಯಿಸದು. ಗೃಹಸಾಲ ಕೇಳಿದೊಡನೆ ‘ಎನ್.ಎ. (ಕೃಷಿಯೇತರ) ಆಗಿದೆಯೇ?’ ಎಂದು ಬ್ಯಾಂಕಿನವರು ಕೇಳುವುದು ಇದಕ್ಕೇ.

● 30 ಲಕ್ಷದವರೆಗಿನ ಗೃಹಸಾಲ ಆಸ್ತಿಯ ಬೆಲೆಯ ಶೇ. 90 ಮೀರುವಂತಿಲ್ಲ, 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75. ಉಳಿದದ್ದು ನಿಮ್ಮ ಗಂಟಿನಿಂದಲೇ ಬರಬೇಕು.

● ಅಮೆರಿಕದಲ್ಲಿ ನೆಲೆಸಿದ ಮಗ ಊರಲ್ಲಿ ಮನೆ ಕೊಳ್ಳಬಹುದು, ಹೊಲ ಕೊಳ್ಳುವಂತಿಲ್ಲ. ಅಪ್ಪನ ಹೊಲ ಮಾತ್ರ ವಾರಸಾಗಿ ಬರಬಹುದು.

● ಇಲ್ಲಿರುವವರು ವಿದೇಶದಲ್ಲಿ ಮನೆ ಕೊಳ್ಳಲು ವರ್ಷಕ್ಕೆ ತಲಾ 2,50,000 ಡಾಲರ್‌ವರೆಗೆ ಕಳುಹಿಸಬಹುದು. ಆದರೆ ಅದಕ್ಕಾಗಿ ನಮ್ಮ ಬ್ಯಾಂಕುಗಳು ಸಾಲ ಕೊಡುವಂತಿಲ್ಲ!

● 1993ರ ಸೆಪ್ಟೆಂಬರ್ 30. ಗಣಪತಿ ಕಳುಹಿಸಿ ಬಂದು ಜನ ಮಲಗಿದ್ದ ನಸುಕಿನಲ್ಲಿ ಕಿಲ್ಲಾರಿ ಸೀಮೆಯ ಕಲ್ಲು–ಮಣ್ಣಿನ ಮನೆಗಳು ಭೂಕಂಪಕ್ಕೆ ಕುಸಿದುಬಿದ್ದವು. ಅವರಿಗೆ ಮತ್ತೆ ಸೂರು ಕಟ್ಟಿಕೊಡಲು ವಿಶ್ವಬ್ಯಾಂಕಿನ ಸಾಲ ಬಂತು. ಪರದೇಶದ ದುಡ್ಡು ನಮ್ಮ ಗಡಿಯ ಊರುಗಳಲ್ಲಿ ಗೋಡೆಯಾಗಿ ನಿಂತಿದ್ದು ಹೀಗೆ.

ಬೀಗರ ಮಾತು ಎಷ್ಟೇ ಗಟ್ಟಿಯಿರಲಿ, ಮೊದಲು ಉತಾರ ಓದಿಸಿ, ಆಮೇಲೆ ಸಂಚಕಾರ ಕೊಡಿ. ಹೊಲವೂ ಉಳಿದೀತು, ಬೀಗತನವೂ ಉಳಿದೀತು.