ಗೆರೆ ಬಂದರೆ ಡೆಂಗಿಯೇ?

ಮುಂಗಾರಿನ ನಾಲ್ಕು ಹನಿ ಬಿದ್ದರೆ ಸಾಕು, ಚನ್ನಗಿರಿಯ ತೋಟಗಳಲ್ಲಿ ಉದುರಿದ ಅಡಿಕೆ ಹಾಳೆಗಳು ದೊನ್ನೆಗಳಂತೆ ನೀರು ತುಂಬಿಕೊಳ್ಳುತ್ತವೆ. ಮಳೆ ಕಡಿಮೆಯಿರುವ ಜಗಳೂರಿನ ಕತೆಯೇ ಬೇರೆ. ಅಲ್ಲಿ ನೀರು ಬಂದ ದಿನ ಡ್ರಮ್ಮು, ತೊಟ್ಟಿಗಳಲ್ಲಿ ಕೂಡಿಡದೆ ವಿಧಿಯಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಎರಡೂ ತವರುಮನೆಯೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಲ್ಲೇ ಇರಲಿ, ಮಳೆಗಾಲದಲ್ಲಿ ಜ್ವರ ಬಂದವರು ಎದುರಿಸುವ ಪ್ರಶ್ನೆ ಒಂದೇ: ‘ಕಾರ್ಡ್ ಟೆಸ್ಟ್ ಮಾಡಿಸಿದಿರಾ?’

ಕಾಲು ಗಂಟೆಯಲ್ಲಿ ಉತ್ತರ ಹೇಳುವ ಈ ಪುಟ್ಟ ಕಾರ್ಡನ್ನು ಎಷ್ಟು ನಂಬಬಹುದು?

ರಕ್ತದ ಹನಿ ಕಾರ್ಡಿನೊಳಗಿನ ಪಟ್ಟಿಯ ಮೇಲೆ ಹರಿಯುತ್ತದೆ. ಡೆಂಗಿಯ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಅದರಲ್ಲಿದ್ದರೆ ಬಣ್ಣದ ಗೆರೆ ಮೂಡುತ್ತದೆ. ತೊಡಕಿರುವುದು ಇಲ್ಲಿಯೇ. ಐಜಿಎಂ ಎಂಬ ಪ್ರತಿಕಾಯ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ನಾಲ್ಕೈದು ದಿನ ಬೇಕು. ಎರಡನೇ ದಿನವೇ ಪರೀಕ್ಷಿಸಿದರೆ ಡೆಂಗಿ ಇದ್ದರೂ ಗೆರೆ ಬಾರದಿರಬಹುದು. ಒಮ್ಮೆ ಬಂದ ಐಜಿಎಂ ಎರಡು ಮೂರು ತಿಂಗಳು ರಕ್ತದಲ್ಲಿ ಉಳಿಯುವುದೂ ಉಂಟು. ಆಗ ಹಳೆಯ ಡೆಂಗಿಯ ಗೆರೆಯನ್ನು ಇಂದಿನ ಜ್ವರದ ತಲೆಗೆ ಕಟ್ಟಿದಂತಾಗುತ್ತದೆ. ಆದ್ದರಿಂದಲೇ ಮೊದಲ ಐದು ದಿನ ವೈರಾಣುವಿನದೇ ಪ್ರೋಟೀನಾದ ಎನ್‌ಎಸ್‌1 ಅನ್ನು, ಆ ಬಳಿಕ ಐಜಿಎಂ ಅನ್ನು ಎಲೈಸಾ ವಿಧಾನದಲ್ಲಿ ಪರೀಕ್ಷಿಸಬೇಕೆಂಬುದು ರಾಷ್ಟ್ರೀಯ ಮಾರ್ಗಸೂಚಿ. ಕಾರ್ಡಿನ ಫಲಿತಾಂಶ ‘ಶಂಕೆ’ ಮಾತ್ರ, ‘ದೃಢ’ವಲ್ಲ.

2020ರ ಪಾಠ

ದೇಶ ಈ ಪಾಠವನ್ನು ದುಬಾರಿಯಾಗಿ ಕಲಿತದ್ದು ಕೋವಿಡ್ ಕಾಲದಲ್ಲಿ. 2020ರ ಏಪ್ರಿಲ್‌ನಲ್ಲಿ ಚೀನಾದಿಂದ ತರಿಸಿದ ಪ್ರತಿಕಾಯ ಕಿಟ್‌ಗಳ ಬಗ್ಗೆ ರಾಜಸ್ಥಾನದಿಂದ ದೂರು ಬಂತು. ಸೋಂಕು ದೃಢಪಟ್ಟವರನ್ನೇ ಪರೀಕ್ಷಿಸಿದಾಗ ಕಿಟ್‌ಗಳು ಗುರುತಿಸಿದ್ದು ಒಂದೆಡೆ ಶೇ 6, ಇನ್ನೊಂದೆಡೆ ಶೇ 71. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಏಪ್ರಿಲ್ 21ರಂದು ಪರೀಕ್ಷೆ ನಿಲ್ಲಿಸಲು ಹೇಳಿ, 27ರಂದು ಎರಡು ಕಂಪನಿಗಳ ಕಿಟ್‌ಗಳನ್ನು ಹಿಂದಿರುಗಿಸುವಂತೆ ರಾಜ್ಯಗಳಿಗೆ ಸೂಚಿಸಿತು.

ಲೆಕ್ಕ ಏನು ಹೇಳುತ್ತದೆ?

ಕಾರ್ಡಿನ ಯೋಗ್ಯತೆ ಅಳೆಯಲು ಎರಡು ಮಾನದಂಡಗಳಿವೆ. ರೋಗವಿರುವ ನೂರು ಜನರಲ್ಲಿ ಎಷ್ಟು ಮಂದಿಯನ್ನು ಹಿಡಿಯುತ್ತದೆ? ರೋಗವಿಲ್ಲದ ನೂರು ಜನರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಡುತ್ತದೆ? ಲೆಕ್ಕಕ್ಕೆಂದು ಮೊದಲನೆಯದನ್ನು 80, ಎರಡನೆಯದನ್ನು 95 ಎಂದಿಟ್ಟುಕೊಳ್ಳೋಣ.

ಮಳೆಗಾಲದಲ್ಲಿ ಜ್ವರ ಬಂದ ಸಾವಿರ ಜನರಲ್ಲಿ 300 ಮಂದಿಗೆ ಡೆಂಗಿ ಇದೆ ಎನ್ನಿ. ಕಾರ್ಡು 240 ಮಂದಿಯನ್ನು ಹಿಡಿಯುತ್ತದೆ, 60 ಮಂದಿ ತಪ್ಪಿಸಿಕೊಳ್ಳುತ್ತಾರೆ. ಉಳಿದ 700ರಲ್ಲಿ 35 ಮಂದಿಗೆ ಸುಳ್ಳು ಗೆರೆ. ಗೆರೆ ಬಂದ 275 ಮಂದಿಯಲ್ಲಿ 240 ನಿಜ. ಅಡ್ಡಿಯಿಲ್ಲ. ಅದೇ ಕಾರ್ಡನ್ನು ಬೇಸಿಗೆಯಲ್ಲಿ, ಸಾವಿರಕ್ಕೆ 20 ಮಂದಿಗಷ್ಟೇ ಡೆಂಗಿ ಇರುವಾಗ ಬಳಸಿದರೆ? ನಿಜವಾದ ಗೆರೆ 16, ಸುಳ್ಳು ಗೆರೆ 49! ಕಾರ್ಡು ಬದಲಾಗಿಲ್ಲ; ಕಾಲ ಬದಲಾಗಿದೆ, ಅಷ್ಟೆ.

ಇದು ಬರೀ ಅಂಕಿಗಳ ಆಟವಲ್ಲ. ಸುಳ್ಳು ಗೆರೆ ಬಂದವನಿಗೆ ಇರುವುದು ಟೈಫಾಯಿಡ್ ಇರಬಹುದು. ಭದ್ರಾ ನಾಲೆಯ ಗದ್ದೆಗಳಲ್ಲಿ ದುಡಿಯುವವನಾದರೆ ಇಲಿಜ್ವರವೂ ಇರಬಹುದು. ಇವೆರಡಕ್ಕೂ ಆಂಟಿಬಯಾಟಿಕ್ ಬೇಕು, ಡೆಂಗಿಗೆ ಬೇಡ. ಇನ್ನು ತಪ್ಪಿಸಿಕೊಂಡ ಆ 60 ಮಂದಿಯ ಪಾಡು? ‘ಏನೂ ಇಲ್ಲವಂತೆ’ ಎಂದು ಮನೆಗೆ ಮರಳುತ್ತಾರೆ. ಡೆಂಗಿಯ ಅಪಾಯ ಹೆಚ್ಚುವುದು ಜ್ವರ ಇಳಿಯುವ ಹೊತ್ತಿನಲ್ಲೇ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಕಾರ್ಡು ಏನೇ ಹೇಳಿರಲಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ರಾಜ್ಯ ಸರ್ಕಾರ 2024ರಲ್ಲಿ ಖಾಸಗಿ ಪ್ರಯೋಗಾಲಯಗಳಿಗೆ ದರ ಗೊತ್ತುಮಾಡಿತು. ಕಾರ್ಡ್ ಪರೀಕ್ಷೆಗೆ 250 ರೂಪಾಯಿ. ಎಲೈಸಾದ ಎನ್‌ಎಸ್‌1, ಐಜಿಎಂಗೆ ತಲಾ 300. ಅಂತರ ಐವತ್ತೇ ರೂಪಾಯಿ. ಆದರೆ ಎಲೈಸಾಗೆ ಯಂತ್ರ, ತರಬೇತಾದ ಕೈ, ಕೆಲವು ಗಂಟೆಗಳ ಸಮಯ ಬೇಕು. ಹಳ್ಳಿಯ ರಕ್ತದ ಮಾದರಿ ಪಟ್ಟಣಕ್ಕೆ ಹೋಗಬೇಕು. ಹೀಗಾಗಿ ಕಾರ್ಡನ್ನು ಹಳಿದು ಪ್ರಯೋಜನವಿಲ್ಲ. ಅದರ ಮಿತಿ ತಿಳಿದು ಬಳಸಬೇಕು.

ಜ್ವರ ಬಂದು ಎಷ್ಟನೇ ದಿನ? ಪರೀಕ್ಷೆ ಯಾವುದು? ಎಲೈಸಾ ಆಗಿದೆಯೇ? ಈ ಮೂರು ಪ್ರಶ್ನೆ ಕೇಳುವಷ್ಟು ಎಚ್ಚರ ರೋಗಿಯ ಮನೆಯವರಿಗಿದ್ದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಉಳಿದರ್ಧಕ್ಕೆ, ಡ್ರಮ್ಮು ಮುಚ್ಚಿ, ವಾರಕ್ಕೊಮ್ಮೆ ತೊಳೆದು, ತೋಟದ ಹಾಳೆಗಳನ್ನು ಬೋರಲು ಹಾಕಿದರಾಯಿತು.