ನಿಮಗಿದು ಗೊತ್ತೇ? ಹಳೇ ದೋಣಿ ಎಂಜಿನ್ ಸುಲಭಕ್ಕೆ ಸಾಯುವುದಿಲ್ಲ!

ದೋಣಿಯ ಹಿಂಬದಿಗೆ ಕಚ್ಚಿಸಿ ನೀರಿಗಿಳಿಸುವ ಎಂಜಿನ್ನೇ ಔಟ್‌ಬೋರ್ಡ್. ಅಜ್ಜನ ಕಾಲದ ಇಂಥವನ್ನು ಗುಜರಿಯಿಂದ ಎತ್ತಿ ತಂದು ಮತ್ತೆ ಓಡಿಸುವುದು ಕೆಲವರಿಗೆ ಹುಚ್ಚು. ಅವರ ಲೋಕದ ಕೆಲವು ಸಂಗತಿಗಳು:

◆ ಈ ಎಂಜಿನ್ನಿನ ಹಿಂದೊಂದು ಐಸ್‌ಕ್ರೀಂ ಕಥೆಯಿದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಓಲೆ ಎವಿನ್‌ರೂಡ್ ತನ್ನ ಗೆಳತಿ ಬೆಸ್‌ಗಾಗಿ ಹುಟ್ಟು ಹಾಕುತ್ತಾ ಸರೋವರ ದಾಟಿ ಐಸ್‌ಕ್ರೀಂ ತರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. 1909ರಲ್ಲಿ ಅವನ ಎಂಜಿನ್ ಮಾರಾಟಕ್ಕೆ ಬಂತು: ಒಂದೂವರೆ ಅಶ್ವಶಕ್ತಿ, ಸುಮಾರು 28 ಕಿಲೊ ತೂಕ. ಮೊದಲ ಮಾದರಿ ಕಂಡ ಬೆಸ್‌ಗೆ ನೆನಪಾದದ್ದು ಕಾಫಿ ಬೀಜ ಪುಡಿಮಾಡುವ ಯಂತ್ರ!

◆ ಆದರೂ ಮೊದಲಿಗ ಅವನಲ್ಲ. 1881ರಲ್ಲೇ ಗುಸ್ತಾವ್ ತ್ರೂವೆ ಪ್ಯಾರಿಸ್ಸಿನ ಸೇನ್ ನದಿಯಲ್ಲಿ ಹಿಂಬದಿಗೆ ಸಿಕ್ಕಿಸಿದ ಬ್ಯಾಟರಿ ಮೋಟರಿನಿಂದ ದೋಣಿ ಓಡಿಸಿದ್ದ.

◆ ಎಂಜಿನ್ ಮೊರೆಯುತ್ತಿದೆ, ದೋಣಿ ಮಾತ್ರ ಕದಲದು! ಪ್ರೊಪೆಲ್ಲರಿನ ಪುಟ್ಟ ಪಿನ್ ಮುರಿದಿರುತ್ತದೆ. ಬಂಡೆಗೆ ಬಡಿದಾಗ ಮೊದಲು ಮುರಿಯಲೆಂದೇ ಅದನ್ನು ಮೆದು ಲೋಹದಲ್ಲಿ ಮಾಡಿರುತ್ತಾರೆ. ಪಿನ್ ಹೋಗಿ ಗೇರು ಉಳಿಯಿತು. ಅಲ್ಲಿಗೆ ಉಕ್ಕಿನ ಮೊಳೆ ತೂರಿಸಿದರೆ ಮುಂದಿನ ಸಲ ಮುರಿಯುವುದು ಗೇರೇ.

◆ ಹಳೆಯದು ಸಿಕ್ಕ ಕೂಡಲೇ ಹಗ್ಗ ಎಳೆದು ಚಾಲೂ ಮಾಡಬೇಡಿ. ನೀರು ಮೇಲೆತ್ತಿ ಎಂಜಿನ್ ತಂಪಾಗಿಡುವ ರಬ್ಬರ್ ಚಕ್ರಕ್ಕೆ ಆ ನೀರೇ ಎಣ್ಣೆಯಿದ್ದಂತೆ. ಒಣಗಿದಲ್ಲಿ ತಿರುಗಿದರೆ ಕ್ಷಣಗಳಲ್ಲೇ ಸುಟ್ಟುಹೋಗುತ್ತದೆ. ಅದಕ್ಕೇ ಪರೀಕ್ಷೆ ನಡೆಯುವುದು ನೀರು ತುಂಬಿದ ಡ್ರಮ್ಮಿನಲ್ಲಿ.

◆ ಕಿಡಿ ಬರುತ್ತಿಲ್ಲವೇ? ಎಷ್ಟೋ ಸಲ ಕಿಡಿಗಾಗಿ ತೆರೆದು ಮುಚ್ಚುವ ಪುಟ್ಟ ಲೋಹದ ಸಂಪರ್ಕಕ್ಕೆ, ಅಂದರೆ ಪಾಯಿಂಟ್‌ಗೆ, ಕಿಲುಬು ಹಿಡಿದಿರುತ್ತದಷ್ಟೇ. ಅದರ ನಡುವೆ ಒಂದು ವಿಸಿಟಿಂಗ್ ಕಾರ್ಡ್ ಎಳೆದರೆ ಕಾರ್ಡಿನ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಬೀಳುವುದು ನಿಲ್ಲುವವರೆಗೂ ಎಳೆಯಬೇಕು. ಹಳೆಯ ಜಾನ್ಸನ್, ಎವಿನ್‌ರೂಡ್ ಎಂಜಿನ್‌ಗಳಲ್ಲಿ ಹಲವಕ್ಕೆ ಪಾಯಿಂಟ್ ಅಂತರ 0.020 ಇಂಚು, ಅಂದರೆ ಅರ್ಧ ಮಿಲಿಮೀಟರ್.

◆ ಹಳೆಯ ಕಾರ್ಬೊರೇಟರುಗಳಲ್ಲಿ ಪೆಟ್ರೋಲಿನ ಮಟ್ಟ ಕಾಯಲು ತೇಲುತ್ತಿದ್ದದ್ದು ಬೆಂಡಿನ ತುಂಡು, ಅದರ ಮೇಲೆ ಅರಗಿನ ಲೇಪ. ಅರಗು ಪೆಟ್ರೋಲಿಗೆ ಜಗ್ಗದು, ಆಲ್ಕೋಹಾಲಿಗೆ ಕರಗುತ್ತದೆ. ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ಸುರಿದರೆ ಬೆಂಡು ನೆನೆದು ಮುಳುಗುತ್ತದೆ, ಪೆಟ್ರೋಲ್ ಉಕ್ಕಿ ಸುರಿಯುತ್ತದೆ!

◆ ಮೈಸೂರಿನ ಹಳೆಯ ಯೆಜ್ಡಿ ಬೈಕಿನಂತೆ ಇವೂ ಎರಡು ಸ್ಟ್ರೋಕಿನವು. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಹಳೆಯ ಬ್ರಿಟಿಷ್ ಸೀಗಲ್ ಎಂಜಿನ್‌ಗಳಿಗೆ ಹತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್. ಹೊಗೆ ಎಷ್ಟಿದ್ದೀತು, ಊಹಿಸಿ!

◆ ಕೆಳಗಿನ ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಇಳಿದರೆ ಒಳಗೆ ನೀರು ಹೊಕ್ಕಿದೆಯೆಂದೇ ಅರ್ಥ. ಪ್ರೊಪೆಲ್ಲರಿಗೆ ಸುತ್ತಿಕೊಂಡ ಗಾಳದ ದಾರ ಸೀಲನ್ನು ಕೊಯ್ದಿರಬಹುದು.

◆ ಪಿಸ್ಟನ್ ಕಚ್ಚಿ ಕೂತಿದ್ದರೆ ಸುತ್ತಿಗೆ ಎತ್ತಬೇಡಿ. ಪ್ಲಗ್ ಬಿಚ್ಚಿ, ಆ ತೂತಿಗೆ ಎಣ್ಣೆ ಬಿಟ್ಟು ಕೆಲವು ದಿನ ಕಾಯಿರಿ.

◆ ನಮ್ಮ ಕರಾವಳಿಯ ನಾಡದೋಣಿಗಳಲ್ಲೂ ಔಟ್‌ಬೋರ್ಡ್‌ಗಳಿವೆ. ಸೀಮೆಎಣ್ಣೆಯವು ಪೆಟ್ರೋಲಿನಲ್ಲಿ ಶುರುವಾಗಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ಹೊರಳುತ್ತವೆ.

◆ 1939ರಲ್ಲಿ ಕಾರ್ಲ್ ಕೀಕ್‌ಹೇಫರ್ ವಿಸ್ಕಾನ್ಸಿನ್‌ನ ಸೀಡರ್‌ಬರ್ಗ್‌ನಲ್ಲಿ ಬೇರೆ ಉದ್ಯಮಕ್ಕೆಂದು ಒಂದು ಕಾರ್ಖಾನೆ ಕೊಂಡ. ಒಳಗೆ ಗಿರಾಕಿ ಒಲ್ಲೆನೆಂದು ಬಿಟ್ಟಿದ್ದ ಸುಮಾರು 300 ಔಟ್‌ಬೋರ್ಡ್‌ಗಳಿದ್ದವು. ಅವನ್ನೇ ರಿಪೇರಿ ಮಾಡಿ ಮಾರಿದ. ಹಾಗೆ ಶುರುವಾದ ಕಂಪನಿಯ ಎಂಜಿನ್‌ಗಳು ಇಂದಿಗೂ ನೀರು ಸೀಳುತ್ತಿವೆ. ಹೆಸರು ಮರ್ಕ್ಯುರಿ!