ಹೆದರಿಕೆ ಬೇರೆ, ಫೋಬಿಯಾ ಬೇರೆ

ಹಿತ್ತಲಲ್ಲಿ ನಾಗರಹಾವು ಹೆಡೆ ಬಿಚ್ಚಿದರೆ ಹೆದರದವರು ಯಾರು? ಎದೆ ಡವಡವ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಮೆದುಳಿನಲ್ಲಿ ಬಾದಾಮಿಯಾಕಾರದ ಅಮಿಗ್ಡಲ ಎಂಬ ಪುಟ್ಟ ಭಾಗ ಅಪಾಯದ ಗಂಟೆ ಬಾರಿಸುತ್ತದೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಓಡಲು ಅಥವಾ ಎದುರಿಸಲು ದೇಹ ಸಜ್ಜು! ಹಾವು ಬೇಲಿ ದಾಟಿತೆಂದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಶಾಂತ. ಇದು ರೋಗವಲ್ಲ, ಜೀವ ಉಳಿಸುವ ಏರ್ಪಾಡು.

ಆದರೆ ಹಾವಿನ ಚಿತ್ರವಿದೆಯೆಂದು ಪಠ್ಯಪುಸ್ತಕದ ಆ ಪಾಠವನ್ನೇ ತೆರೆಯದ ವಿದ್ಯಾರ್ಥಿಯ ಪಾಡೇನು? ಚಿತ್ರ ಕಚ್ಚುವುದಿಲ್ಲವೆಂದು ಅವನಿಗೂ ಗೊತ್ತು. ಗೊತ್ತಿದ್ದೂ ಕೈ ನಡುಗುತ್ತದೆ. ಇದು ಫೋಬಿಯಾ, ಗ್ರೀಕರ ಭಯದ ದೇವತೆ ಫೋಬೋಸ್‌ನಿಂದ ಬಂದ ಹೆಸರು. ಭಯವು ನಿಜವಾದ ಅಪಾಯವನ್ನು ಮೀರಿದ್ದು, ಸಾಮಾನ್ಯವಾಗಿ 6 ತಿಂಗಳು ಅಥವಾ ಹೆಚ್ಚು ಕಾಲ ಉಳಿದು, ದಿನನಿತ್ಯದ ಬದುಕಿಗೆ ಅಡ್ಡಿಯಾದರೆ ಮನೋವೈದ್ಯರು ಹಾಗೆ ಗುರುತಿಸುತ್ತಾರೆ. ಹತ್ತನೆಯ ಮಹಡಿಯಿಂದ ಕೆಳಗೆ ನೋಡಲು ಅಂಜುವುದು ಸಹಜ. ತರಗತಿ ಎರಡನೆಯ ಮಹಡಿಯಲ್ಲಿದೆಯೆಂದು ಕಾಲೇಜನ್ನೇ ಬಿಟ್ಟರೆ ನೆರವು ಬೇಕು. ಪರೀಕ್ಷೆಯ ಮುನ್ನಾದಿನ ಹೊಟ್ಟೆ ತೊಳಸಿದ ಮಾತ್ರಕ್ಕೆ 'ಎಗ್ಸಾಂ ಫೋಬಿಯಾ' ಎನ್ನುವ ಚಾಳಿ ಮಾತ್ರ ಅನಗತ್ಯ. ಓದದಿದ್ದವರಿಗೆ ಆ ಭಯ ನ್ಯಾಯವಾದದ್ದೇ!

ರಕ್ತ ಮತ್ತು ಸೂಜಿಯ ಫೋಬಿಯಾದ ರೀತಿಯೇ ಬೇರೆ. ಉಳಿದ ಭಯಗಳಲ್ಲಿ ಎದೆಬಡಿತ, ರಕ್ತದೊತ್ತಡ ಏರಿದರೆ ಇಲ್ಲಿ ಮೊದಲು ಏರಿ, ಬಳಿಕ ದಿಢೀರನೆ ಇಳಿಯುತ್ತವೆ. ಮೆದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ರಕ್ತದ ಗುಂಪು ನೋಡಲು ಬೆರಳು ಚುಚ್ಚಿದಾಗ ಕುಸಿದು ಬೀಳುವ ಹುಡುಗನನ್ನು ಗೆಳೆಯರು 'ಪುಕ್ಕಲ' ಎಂದು ಛೇಡಿಸುತ್ತಾರೆ. ಪಾಪ, ಅದು ಅವನ ನರಮಂಡಲದ ಪ್ರತಿಕ್ರಿಯೆ; ಎಷ್ಟೋ ವೇಳೆ ಅಪ್ಪನಿಗೋ ಅಮ್ಮನಿಗೋ ಅದೇ ತೊಂದರೆ ಇರುತ್ತದೆ. ವೈದ್ಯನಾಗುವ ಆಸೆಯನ್ನು ಇದಕ್ಕಾಗಿಯೇ ಕೈಬಿಡುವವರುಂಟು. ಸ್ವೀಡನ್ನಿನ ಮನೋವಿಜ್ಞಾನಿ ಲಾರ್ಸ್ ಗೋರಾನ್ ಓಸ್ಟ್ ಇದಕ್ಕೆ ಸರಳ ಉಪಾಯ ರೂಪಿಸಿದರು: ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು 10-15 ಸೆಕೆಂಡು ಬಿಗಿಹಿಡಿಯುವುದು, ಅರೆ ನಿಮಿಷ ಸಡಿಲಿಸುವುದು, ಮತ್ತೆ ಬಿಗಿಹಿಡಿಯುವುದು. ಒತ್ತಡ ಏರಿ, ಮೂರ್ಛೆ ತಪ್ಪುತ್ತದೆ.

ಭಯವನ್ನು ಕಲಿಸಬಹುದು, ಮರೆಸಲೂಬಹುದು. 1920ರಲ್ಲಿ ಅಮೆರಿಕದ ವಾಟ್ಸನ್ ಮತ್ತು ರೇನರ್, ಬಿಳಿ ಇಲಿಯೊಡನೆ ಆಡುತ್ತಿದ್ದ ಹಸುಳೆಯ ಬೆನ್ನ ಹಿಂದೆ ಕಬ್ಬಿಣದ ಸರಳನ್ನು ಬಡಿದು ಬಡಿದು, ಇಲಿ ಕಂಡರೆ ಅಳುವಂತೆ ಮಾಡಿದರು. ಆ ಭಯವನ್ನು ತೆಗೆಯಲು ಅವರು ಹೋಗಲೇ ಇಲ್ಲ. ಇಂದಾದರೆ ಇಂಥ ಪ್ರಯೋಗಕ್ಕೆ ಅನುಮತಿಯೇ ಸಿಗದು. 1924ರಲ್ಲಿ ಮೇರಿ ಕವರ್ ಜೋನ್ಸ್ ಪ್ರಕಟಿಸಿದ್ದು ಇದಕ್ಕೆ ತದ್ವಿರುದ್ಧವಾದ ಕೆಲಸ. ಮೊಲಕ್ಕೆ ಅಂಜುತ್ತಿದ್ದ ಪೀಟರ್ ಎಂಬ ಮಗು ಇಷ್ಟದ ತಿಂಡಿ ತಿನ್ನುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ದಿನದಿನಕ್ಕೆ ಹತ್ತಿರ ತಂದರು. ಕೊನೆಗೆ ಮಗು ಮೊಲವನ್ನು ನೇವರಿಸಿತು.

ಇಂದಿನ ಚಿಕಿತ್ಸೆಯ ತಿರುಳೂ ಮೆಟ್ಟಿಲು ಮೆಟ್ಟಿಲಾಗಿ ಸಮೀಪಿಸುವುದೇ. ನಾಯಿಗೆ ಅಂಜುವ ಮಗುವಿಗೆ ಮೊದಲು ಚಿತ್ರ, ಆಮೇಲೆ ದೂರದ ಕಟ್ಟಿಹಾಕಿದ ನಾಯಿ. ಈಜು ಕಲಿಸಲು ಬಾವಿಗೆ ತಳ್ಳುವ ಹಳೆಯ ವೈದ್ಯ ಇಲ್ಲಿ ಬೇಡ, ಭಯ ಇಮ್ಮಡಿಯಾದೀತು. ನಾಯಿಯಿರುವ ಬೀದಿಯನ್ನು ಸದಾ ತಪ್ಪಿಸಿ ಕರೆದೊಯ್ಯುವುದೂ ಭಯಕ್ಕೆ ನೀರೆರೆದಂತೆ. ಮಗುವಿನ ಓದು, ಆಟ, ನಿದ್ದೆ ಕೆಟ್ಟಿದ್ದರೆ ಮನೋವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲೂ ರಾತ್ರಿ ಲಭ್ಯ, ಕನ್ನಡದಲ್ಲೇ ಮಾತಾಡಬಹುದು.